ಜ್ಯೂರಿ ಕಳಿಸಿದ ಮೂರನೆಯ ಚೀಟಿ

"ಒಂದು, ಎರಡು, ನಾಲ್ಕು." ಡೋರಿನ್ ಡೆನೊಮಿ ಬೆರಳು ಮಡಚಿ ಎಣಿಸಿದಳು. "ಹನ್ನೆರಡು ಜನ ಕೂತಿದ್ರು ಆ ರೂಮಲ್ಲಿ. ಒಬ್ಬರಿಗೂ ನಡುವೆ ಮೂರು ಅಂತ ಒಂದಿದೆ ಅನ್ನೋದು ನೆನಪಾಗ್ಲಿಲ್ವಾ? ನನ್ನ ಮೊಮ್ಮಗಳು ಎಣಿಸ್ತಾಳೆ ಕಣೇ."

"ಮೆಲ್ಲಗೆ ಮಾತಾಡು," ಎಂದಳು ಐಲಿ ಕಾಂಗಸ್. "ಮುಂದಿನ ಸಾಲಲ್ಲಿ ಇರೋರೆಲ್ಲಾ ಜಡ್ಜುಗಳು."

"ಕೇಳಿಸ್ಕೊಳ್ಳಲಿ ಬಿಡು. ಕೇಳಿಸ್ಕೊಳ್ಳೋಕೆ ತಾನೇ ಸಂಬಳ ಅವರಿಗೆ?"

ಹಾರ್ಲೋ ಬೇ ಊರಿನ ಫೆಡರಲ್ ಕೋರ್ಟಿನಲ್ಲಿ ಆ ಶುಕ್ರವಾರ ಮಧ್ಯಾಹ್ನ ವಿಚಾರಣೆ ಇರಲಿಲ್ಲ. ಮೂವತ್ತೊಂಬತ್ತು ವರ್ಷ ಅದೇ ಪೀಠದಲ್ಲಿ ಕೂತಿದ್ದ ಜಡ್ಜ್ ಎಲಿಯಸ್ ಟ್ರೆಂಬಾತ್ ಅವರ ಚಿತ್ರಪಟವನ್ನು ಗೋಡೆಗೆ ಏರಿಸುವ ಸಮಾರಂಭವಿತ್ತು. ಸಮಾರಂಭವೆಂದರೂ ಇಲ್ಲಿಯ ಪದ್ಧತಿಯಲ್ಲಿ ಅದೂ ಒಂದು ಕಲಾಪವೇ. ಮಾರ್ಷಲ್ ಕೂಗು ಹಾಕುತ್ತಾನೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ವರದಿಗಾರ್ತಿ ತನ್ನ ಪುಟ್ಟ ಯಂತ್ರದ ಮೇಲೆ ಬೆರಳಾಡಿಸುತ್ತ ಪ್ರತಿಯೊಂದು ಮಾತನ್ನೂ ದಾಖಲೆಗೆ ಇಳಿಸುತ್ತಾಳೆ. ಹೊಗಳಿಕೆಗೂ ಇಲ್ಲಿ ಪುಟಸಂಖ್ಯೆ ಉಂಟು.

ಐಲಿ ಕೊನೆಯ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಮೂರೂವರೆ. ಗಡುವು ಐದಕ್ಕೆ.

ಅವಳು ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ಕಚೇರಿಯೊಂದರ ಪತ್ತೇದಾರಿಣಿ. ಡೋರಿನ್‌ಳ ತಮ್ಮ ಲೈಲ್ ಇಪ್ಪತ್ಮೂರು ವರ್ಷದಿಂದ ಒಳಗಿದ್ದ. ಓಜಿಬ್ವೆ ಮೂಲನಿವಾಸಿಗಳ ಮೀಸಲು ನೆಲದಲ್ಲಿ, ದೋಣಿ ಕಟ್ಟುವ ಕಟ್ಟೆಯ ಬಳಿ ನಡೆದ ಒಂದು ಕೊಲೆಗೆ ಆಜೀವ ಶಿಕ್ಷೆ. ಈಗ ಸಾವಿರ ಮೈಲಿ ದೂರದ ಜೈಲು ಆಸ್ಪತ್ರೆಯಲ್ಲಿ ಅವನ ಯಕೃತ್ತು ಕೊಳೆಯುತ್ತಿತ್ತು. ಕ್ರಿಸ್‌ಮಸ್ ನೋಡುವುದು ಅನುಮಾನವೆಂದು ವೈದ್ಯರು ಹೇಳಿಯಾಗಿತ್ತು. ಅಷ್ಟರೊಳಗೆ ಅವನನ್ನು ನಿರಪರಾಧಿಯೆಂದು ಮನೆಗೆ ತರಬೇಕು. ಅದಕ್ಕಿದ್ದದ್ದು ಒಂದೇ ಅರ್ಜಿ, ಮತ್ತು ಆ ಅರ್ಜಿಗೆ ಹೊಸ ಸಾಕ್ಷ್ಯ ಒದಗಿಸಲು ಒಂದೇ ದಿನ, ಇವತ್ತು.

ಕೈಯಲ್ಲಿದ್ದದ್ದು ಮೂರು ಚೀಟಿಗಳ ನಕಲು ಮಾತ್ರ. ಆಗಿನ ಜ್ಯೂರಿ ಒಳಗೆ ಕೂತು ಚರ್ಚಿಸುವಾಗ ಜಡ್ಜರಿಗೆ ಬರೆದು ಕಳಿಸಿದ ಚೀಟಿಗಳು. ಪ್ರತಿಯೊಂದರ ಮೂಲೆಯಲ್ಲೂ ಜ್ಯೂರಿಯ ಮುಖ್ಯಸ್ಥ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿದ್ದ. ಒಂದು, ಎರಡು, ನಾಲ್ಕು. ಇಷ್ಟು ವರ್ಷ ಯಾವ ವಕೀಲನೂ ಮೂಲೆಯನ್ನು ನೋಡಿರಲಿಲ್ಲ.

ಪೀಠದ ಮುಂದೆ ಜಡ್ಜ್ ಕೊರಿನ್ ಹಾಲ್ವರ್ಸನ್ ಮಾತಿಗೆ ನಿಂತರು. ಈಗ ಈ ಊರಿನ ಪೀಠ ಅವರದೇ. ಲೈಲ್‌ನ ಅರ್ಜಿ ಬಂದ ದಿನವೇ ಅವರು ಮೂರು ಸಾಲಿನ ಆದೇಶ ಬರೆದು ಅದರಿಂದ ಹಿಂದೆ ಸರಿದಿದ್ದರು. ಕಾರಣ ಬರೆದಿರಲಿಲ್ಲ, ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ಹಳೆಯ ಗುರುವಿನ ತೀರ್ಪನ್ನು ತಾನು ತೂಗಬಾರದೆಂಬ ಸಂಕೋಚ ಇರಬೇಕೆಂದು ಎಲ್ಲರೂ ಮೆಚ್ಚಿದ್ದರು. ಅರ್ಜಿ ದಕ್ಷಿಣದ ಇನ್ನೊಬ್ಬ ಜಡ್ಜರ ಪಾಲಾಯಿತು. ಗಡುವು ಮೀರಿದ ಕಾಗದವನ್ನು ಆ ಮನುಷ್ಯ ಬಿಚ್ಚಿಯೂ ನೋಡುವುದಿಲ್ಲ.

"ಇವರಿಗೆ ಕಾಗದಪತ್ರ ಬರೆದುಕೊಡೋ ಲಾ ಕ್ಲರ್ಕ್ ಆಗಿ ಸೇರಿದಾಗ ನನಗೆ ಇಪ್ಪತ್ತೇಳು," ಎಂದರು ಹಾಲ್ವರ್ಸನ್. "ವರ್ಷಕ್ಕೆ ಒಬ್ಬರನ್ನೇ ಇಟ್ಕೊಳ್ತಿದ್ರು. ಇವರ ಪರವಾಗಿ ಬರೆದೂ ಬರೆದೂ ನನ್ನ ಅಕ್ಷರ ಇವತ್ತಿಗೂ ಇವರದೇ. ಬ್ಯಾಂಕಿನೋರು ಎರಡು ಸಲ ಚೆಕ್ ವಾಪಸ್ ಕಳಿಸಿದ್ರು."

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಟ್ರೆಂಬಾತ್ ಅವರ ಬಿಳಿ ತಲೆಯೂ ಅಲುಗಿತು.

"ಒಂದು ದಿನದ ಕಥೆ ಹೇಳ್ಬೇಕು. ಇದು ದಾಖಲೆಯಲ್ಲಿ ಇರ್ಬೇಕು." ಹಾಲ್ವರ್ಸನ್ ವರದಿಗಾರ್ತಿಯ ಕಡೆ ಒಮ್ಮೆ ನೋಡಿದರು. "ಸಾವಿರದ ಒಂಬೈನೂರ ತೊಂಬತ್ತೆಂಟು, ನವೆಂಬರ್ ಹದಿಮೂರು. ಜ್ಯೂರಿ ಒಳಗೆ ಕೂತಿತ್ತು. ಎರಡೂವರೆಗೆ ಆಸ್ಪತ್ರೆಯಿಂದ ಫೋನ್ ಬಂತು. ಇವರು ಎದ್ದು ಹೋದ್ರು. ಮೂರೂ ಇಪ್ಪತ್ತೈದಕ್ಕೆ ನ್ಯಾನ್ ತೀರಿಕೊಂಡ್ರು, ಇವರ ಕೈ ಹಿಡ್ಕೊಂಡೇ. ಐದು ಗಂಟೆವರೆಗೂ ಇವರು ಹೆಂಡ್ತಿ ಮಂಚದ ಪಕ್ಕದಿಂದ ಏಳ್ಲಿಲ್ಲ. ಆಮೇಲೆ ಬಂದು, ಇದೇ ಪೀಠದಲ್ಲಿ ಕೂತು, ತೀರ್ಪು ತಗೊಂಡ್ರು. ಜ್ಯೂರಿಯೋರು ಕೋಟು ಹಾಕ್ಕೊಂಡು ಹೊರಡೋವರೆಗೂ ಒಬ್ಬರಿಗೂ ಒಂದು ಮಾತು ಹೇಳ್ಲಿಲ್ಲ."

ಈ ಕಟ್ಟಡದಲ್ಲಿ ಕಸ ಗುಡಿಸುವವನಿಗೂ ಆ ಕಥೆ ಬಾಯಿಪಾಠ. ಆದರೂ ಯಾರೋ ಮೂಗು ಸೀನಿದರು.

"ಅದು ನಮ್ಮ ಲೈಲ್‌ನ ತೀರ್ಪು," ಡೋರಿನ್ ಐಲಿಯ ಕಿವಿಗೆ ಬಗ್ಗಿದಳು. "ಕಥೆಯಲ್ಲಿ ಎಲ್ಲರೂ ಇದಾರೆ. ಅವನೊಬ್ಬ ಇಲ್ಲ."

ಅವಳ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು. ಒಳಗೆ ಲೈಲ್‌ನ ಹಳೆಯ ಬೂಟುಗಳು. ಬಂಧಿಸಿದ ದಿನ ಪೊಲೀಸರು ಅವನನ್ನು ಬರಿಗಾಲಲ್ಲಿ ಕರೆದೊಯ್ದಿದ್ದರು. ಅಂದಿನಿಂದ ಅವಳು ವರ್ಷಕ್ಕೊಮ್ಮೆ ಅವಕ್ಕೆ ಎಣ್ಣೆ ಸವರಿ ಇಟ್ಟಿದ್ದಳು.

ನೀಲಿ ಬಟ್ಟೆ ಸರಿಯಿತು. ಪಟದೊಳಗಿನ ಟ್ರೆಂಬಾತ್ ಎಲ್ಲರನ್ನೂ ನೋಡಿದರು. ಸಭೆ ಕಾಫಿಗೂ ಮಾಂಸ ತುಂಬಿದ ಬಿಸಿ ಪಾಸ್ಟಿ ಕಡುಬಿಗೂ ಎದ್ದಿತು.

"ನೀನು ಕೆಳಗೆ ಹೋಗಿ ಕೌಂಟರ್ ಹತ್ರ ನಿಂತಿರು," ಐಲಿ ಹೇಳಿದಳು. "ಮುಚ್ಚೋಕೆ ಬಿಡಬೇಡ."

"ಮುಚ್ಚಲಿ ನೋಡೋಣ. ಅಡ್ಡ ಮಲಗ್ತೀನಿ."

*

"ಬಾ ಕಾಂಗಸ್ ಮಗಳೇ," ಎಂದರು ಟ್ರೆಂಬಾತ್, ತಮ್ಮ ಛೇಂಬರಿನಲ್ಲಿ. "ನಿಮ್ಮಪ್ಪ ಜ್ಯೂರಿ ಕೆಲಸ ತಪ್ಪಿಸ್ಕೊಳ್ಳೋಕೆ ಮೂರು ಸಲ ನನಗೆ ಬೆನ್ನುನೋವು ಅಂತ ಬರೆದಿದ್ದ. ಮೂರು ಸಲನೂ ನವೆಂಬರ್‌ನಲ್ಲೇ."

"ಮೂರು ಸಲನೂ ಜಿಂಕೆ ಹೊಡೆದು ತಂದಿದ್ದ, ಸಾಹೇಬ್ರೆ."

"ಗೊತ್ತು. ಒಂದು ತೊಡೆ ನನಗೂ ಕಳಿಸಿದ್ದ. ತಗೊಳ್ಳೋ ಹಾಗಿಲ್ಲ, ವಾಪಸ್ ಕಳಿಸ್ದೆ. ನ್ಯಾನ್ ಒಂದು ವಾರ ಮಾತು ಬಿಟ್ಲು."

ಕರಿ ನಿಲುವಂಗಿ ಕುರ್ಚಿಯ ಬೆನ್ನಿಗೆ ಜೋತುಬಿದ್ದಿತ್ತು. ಅದರ ಕೆಳಗೆ ತೊಟ್ಟಿದ್ದದ್ದು ಕೆಂಪು ಕಪ್ಪು ಚೌಕಳಿಯ ಬೇಟೆ ಅಂಗಿ. ಎಂಬತ್ನಾಲ್ಕರ ಮುದುಕ. ಕಬ್ಬಿಣದ ಗಣಿಯಲ್ಲಿ ಸತ್ತವನ ಮಗ, ನಾಲ್ಕು ವರ್ಷ ನೌಕಾಪಡೆ, ಆಮೇಲೆ ಬೇಲಿ ಜಗಳ, ದೋಣಿ ಜಗಳ ನೋಡಿಕೊಂಡಿದ್ದ ಊರ ವಕೀಲ. ನಲವತ್ತೈದಕ್ಕೆ ಅಧ್ಯಕ್ಷರು ಹೆಸರು ಕಳಿಸಿದರು, ಸೆನೆಟಿನವರು ಹನ್ನೊಂದು ನಿಮಿಷ ಪ್ರಶ್ನೆ ಕೇಳಿ ಒಪ್ಪಿದರು. ಆಜೀವ ನೇಮಕ. ಮೇಲಿನ ಕೋರ್ಟಿಗೆ ಎರಡು ಸಲ ಕರೆದರೂ ಹೋಗಲಿಲ್ಲ. ಸಾಕ್ಷಿಯ ಮುಖ ಕಾಣದ ಕಡೆ ತನಗೇನು ಕೆಲಸ ಎನ್ನುತ್ತಿದ್ದರಂತೆ. ಇಂಥವರ ಮುಂದೆ ಈ ಕೆಲಸಕ್ಕೆ ತಾನು ಕೂರಬೇಕಾಯಿತಲ್ಲ ಎಂದು ಐಲಿಗೆ ನಿಜವಾಗಿಯೂ ದುಃಖವಾಯಿತು.

ಅವಳು ಮೂರು ನಕಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಒಂದನೇದು: ಫೋಟೋಗಳನ್ನ ಮತ್ತೆ ಕೊಡಿ ಅಂತ. ಎರಡನೇದು: ಸಾಕ್ಷಿ ಡಾರಲ್ ಪೈಕ್ ಹೇಳಿದ್ದನ್ನ ಓದಿಸಿ ಅಂತ. ನಾಲ್ಕನೇದು: ತೀರ್ಪು ಸಿದ್ಧ ಅಂತ. ಮೂರನೇದು ಎಲ್ಲಿ, ಸಾಹೇಬ್ರೆ?"

"ಎಣಿಕೆ ತಪ್ಪಿರ್ತಾನೆ ಮುಖ್ಯಸ್ಥ."

"ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟೋನು ಅವನು."

ಟ್ರೆಂಬಾತ್ ಪಾಸ್ಟಿಯ ತುದಿ ಮುರಿದರು, ತಿನ್ನಲಿಲ್ಲ. ಕಿಟಕಿಯಾಚೆ ಸರೋವರ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅದಿರು ತುಂಬುವ ಕಟ್ಟೆ ಖಾಲಿ ನಿಂತಿತ್ತು.

"ಹುಡುಗ ಹೇಗಿದ್ದಾನೆ?"

"ಹುಡುಗನಲ್ಲ ಈಗ. ನಲವತ್ತೈದು. ಹೊಟ್ಟೆಯಲ್ಲಿ ನೀರು ತುಂಬಿದೆ. ನಿನ್ನೆ ಫೋನಲ್ಲಿ ಅಕ್ಕನ ಹೆಸರು ಮರೆತ."

ಮುದುಕರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು, ಬೀರುವಿನಿಂದ ಒಂದು ಹಳೆಯ ಕಾನೂನು ಪುಸ್ತಕ ತೆಗೆದು, ಅದರ ನಡುವಿನಿಂದ ಹಳದಿ ಚೀಟಿಯೊಂದನ್ನು ಎಳೆದು ಅವಳ ಮುಂದಿಟ್ಟರು.

ಮೂಲೆಯಲ್ಲಿ ಪೆನ್ಸಿಲಿನ ಮೂರು.

ಐಲಿ ಚೀಟಿಯನ್ನು ಬೆಳಕಿಗೆ ಹಿಡಿದಳು. ಅವಳು ಓದಿದಳು. "ನಮ್ಮ ಜ್ಯೂರಿಯ ಐದನೆಯ ಸದಸ್ಯೆ ಆಸ್ಪತ್ರೆಯಲ್ಲಿ ದಾದಿ. ಪೈಕ್‌ನ ಕೈಗೆ ಪಟ್ಟಿ ಕಟ್ಟಿದ ಫೋಟೋ ನೋಡಿ ಗುರುತು ಹಿಡಿದಿದ್ದಾಳೆ. ಕೊಲೆ ನಡೆದ ಹೊತ್ತಿನಲ್ಲಿ ಅವನು ದೋಣಿಕಟ್ಟೆಯಲ್ಲಿ ಇರಲಿಲ್ಲವಂತೆ, ನಲವತ್ತು ಮೈಲಿ ದೂರದಲ್ಲಿ ಇವಳೇ ಅವನ ಕೈಗೆ ಹೊಲಿಗೆ ಹಾಕಲು ನೆರವಾಗುತ್ತಿದ್ದಳಂತೆ. ನಾವು ಇದನ್ನು ಪರಿಗಣಿಸಬಹುದೇ?"

ಕೆಳಗೆ, ಹಸಿರು ಶಾಯಿಯಲ್ಲಿ, ಆ ಊರಿಗೆಲ್ಲ ಗೊತ್ತಿದ್ದ ಬಾಗಿದ ಅಕ್ಷರದಲ್ಲಿ ಉತ್ತರ. "ನ್ಯಾಯಾಲಯದಲ್ಲಿ ಕೇಳಿದ ಸಾಕ್ಷ್ಯವನ್ನು ಮಾತ್ರ ಪರಿಗಣಿಸಿ. ಬೇರೆ ವಿಷಯ ಚರ್ಚಿಸಬೇಡಿ. ಇ. ಟಿ."

ಲೈಲ್‌ನನ್ನು ಕಂಡೆನೆಂದು ಹೇಳಿದವನು ಪೈಕ್ ಒಬ್ಬನೇ. ಆ ಒಬ್ಬನೂ ಅಲ್ಲಿರಲಿಲ್ಲ.

"ಆ ದಾದಿ ಸತ್ತು ಆರು ವರ್ಷ ಆಯ್ತು," ಎಂದಳು ಐಲಿ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಗಣಿತದ ಮೇಷ್ಟರು ವೃದ್ಧಾಶ್ರಮದಲ್ಲಿ ಗೋಡೆ ನೋಡ್ಕೊಂಡು ಕೂತಿದಾರೆ. ಪೈಕ್ ಎಲ್ಲಿದಾನೋ ಗೊತ್ತಿಲ್ಲ. ಇದು ಬಂದ ತಕ್ಷಣ ಎರಡೂ ಕಡೆ ವಕೀಲರನ್ನ ಕರೀಬೇಕಿತ್ತು ನೀವು."

"ಕರೀಬೇಕಿತ್ತು. ಕಾನೂನು ಓದೋಕೆ ಶುರು ಮಾಡಿದೋನಿಗೂ ಗೊತ್ತು."

"ಯಾಕೆ ಕರೀಲಿಲ್ಲ?"

"ಅವಸರ. ಆ ಭಾನುವಾರ ಜಿಂಕೆ ಬೇಟೆ ಶುರು. ಜ್ಯೂರಿಯ ಹನ್ನೊಂದು ಜನರ ಮನಸ್ಸು ಆಗಲೇ ಕಾಡಲ್ಲಿತ್ತು, ಮೈ ಮಾತ್ರ ಇಲ್ಲಿತ್ತು. ಈ ಕಿಟಕಿ ಹತ್ರ ನಿಂತು ಬರೆದೆ, ಕಳಿಸ್ದೆ. ಒಂದು ಗಂಟೆಯಲ್ಲಿ ತೀರ್ಪು ಬಂತು."

"ಇಪ್ಪತ್ಮೂರು ವರ್ಷ ಇಟ್ಕೊಂಡ್ರಲ್ಲ!" ಅವಳಿಗೆ ತಡೆಯಲಾಗಲಿಲ್ಲ. "ಪ್ರತಿವರ್ಷ ಅವನ ಅಕ್ಕ ನಿಮಗೆ ಕಾಗದ ಬರೆದಿದಾಳೆ. ಓದಿದ್ರಾ ಒಂದನ್ನಾದ್ರೂ?"

"ಎಲ್ಲಾನೂ."

"ಓದಿ?"

"ಮಡಚಿಟ್ಟೆ." ಟ್ರೆಂಬಾತ್ ತಮ್ಮ ಕೈಗಳನ್ನು ನೋಡಿಕೊಂಡರು. "ಇದನ್ನ ಸುಡೋಕೂ ಆಗ್ಲಿಲ್ಲ, ಕೊಡೋಕೂ ಆಗ್ಲಿಲ್ಲ. ಬೈಯಬೇಕು ಅಂದ್ರೆ ಬೈಯಿ, ಮಗಳೇ. ಆದ್ರೆ ಬೇಗ ಬೈಯಿ, ನಿನಗೆ ಐದಕ್ಕೆ ಗಡುವು."

ಅವರು ಬಿಳಿ ಹಾಳೆ ಎಳೆದುಕೊಂಡು ಅಫಿಡವಿಟ್ ಬರೆಯತೊಡಗಿದರು. ಮೂರನೆಯ ಚೀಟಿ ತಮ್ಮ ಕೈಗೆ ಬಂದದ್ದು, ಯಾರಿಗೂ ತಿಳಿಸದೆ ತಾವೇ ಉತ್ತರ ಬರೆದದ್ದು, ಚೀಟಿಯನ್ನು ಬಚ್ಚಿಟ್ಟದ್ದು. ಸುಳ್ಳಾದರೆ ಶಿಕ್ಷೆಗೆ ಗುರಿ ಎಂಬ ಸಾಲು. ಸಹಿ. ಪಕ್ಕದಲ್ಲಿ ದಿನಾಂಕ, ಅದರ ಪಕ್ಕದಲ್ಲಿ ಹೊತ್ತು: 1632.

ಐಲಿ ಆ ಅಂಕಿಯನ್ನು ನೋಡಿದಳು.

"ಇಪ್ಪತ್ನಾಲ್ಕು ಗಂಟೆ ಲೆಕ್ಕ, ನೌಕಾಪಡೆಯ ಚಟ," ಎಂದರು ಅವರು. "ಅರವತ್ತು ವರ್ಷ ಆಯ್ತು, ಬಿಟ್ಟಿಲ್ಲ. ನ್ಯಾನ್‌ಳ ಸಾವಿನ ಹೊತ್ತನ್ನೂ ಹಾಗೇ ಬರೆದೆ, ಆಸ್ಪತ್ರೆಯೋರು ಬೈದ್ರು. ಹೋಗು. ಆ ಪಟ ಇಳಿಸ್ತಾರಲ್ಲ, ಆಗ ನೋಡೋಕೆ ಬಾ."

*

ಛೇಂಬರಿನ ಹೊರಗಿನ ಓಣಿಯಲ್ಲಿ ಐಲಿ ಗೋಡೆಗೆ ಒರಗಿ ನಿಂತಳು. ಮಂಡಿ ನೋಯುತ್ತಿತ್ತು, ಮೆಟ್ಟಿಲು ಸಾಧ್ಯವಿಲ್ಲ. ಲಿಫ್ಟಿನ ಗುಂಡಿ ಒತ್ತಿ, ಮೇಲಧಿಕಾರಿ ಪೀಟ್ ಆಸ್ಟ್ರಾಂಡರ್‌ಗೆ ಫೋನ್ ಮಾಡಿದಳು.

"ಸಿಕ್ತಾ?"

"ಸಿಕ್ತು. ಅಫಿಡವಿಟ್ಟೂ ಕೊಟ್ರು."

"ದೇವರೇ! ಮೂಲ ಚೀಟಿಯನ್ನೇ ಕೊಡಬೇಕು, ನೆನಪಿರಲಿ. ಜೊತೆಗೆ ಅಫಿಡವಿಟ್. ಚೀಟಿ ಎಲ್ಲಿಂದ ಬಂತು ಅಂತ ಪ್ರಮಾಣ ಮಾಡಿ ಹೇಳೋರು ಇಲ್ದಿದ್ರೆ ಅದು ಬರೀ ಹಳೇ ಕಾಗದ. ಓಡು!"

ಲಿಫ್ಟು ಹಳೆಯದು, ನರಳುತ್ತ ಮೇಲೇರುತ್ತಿತ್ತು. ಐಲಿ ಚೀಟಿಯನ್ನು ಇನ್ನೊಮ್ಮೆ ತೆರೆದಳು. ಸಂತೋಷಪಡೋಣವೆಂದೇ ತೆರೆದದ್ದು. ಇಂಥ ಕೆಲಸದಲ್ಲಿ ಅದು ಅಪರೂಪ.

ಇ. ಟಿ. ಎಂಬುದರ ಕೆಳಗೆ, ಮಡಿಕೆಯ ಗೆರೆಯೊಳಗೆ, ಹೊತ್ತು ಬರೆದಿತ್ತು.

ಮಧ್ಯಾಹ್ನ 3:40.

ಅವಳು ಅಫಿಡವಿಟ್ ಬಿಡಿಸಿ ಪಕ್ಕದಲ್ಲಿ ಹಿಡಿದಳು. 1632. ಅದೇ ಹಸಿರು ಶಾಯಿ, ಅದೇ ಬಾಗು. ಗಡಿಯಾರ ಮಾತ್ರ ಬೇರೆಯವರದು. ಹೆಂಡತಿ ಸತ್ತ ಹೊತ್ತನ್ನೂ ನೌಕಾಪಡೆಯ ಲೆಕ್ಕದಲ್ಲಿ ಬರೆದ ಮನುಷ್ಯ ಅದೇ ಮಧ್ಯಾಹ್ನ ಒಂದು ಚೀಟಿಯಲ್ಲಿ ಮಾತ್ರ ಹೀಗೆ ಬರೆದನೇ?

ಮೂರೂ ಇಪ್ಪತ್ತೈದಕ್ಕೆ ನ್ಯಾನ್ ತೀರಿಕೊಂಡರು. ಐದರವರೆಗೂ ಮಂಚದ ಪಕ್ಕದಿಂದ ಏಳಲಿಲ್ಲ.

ಮೂರೂ ನಲವತ್ತಕ್ಕೆ ಟ್ರೆಂಬಾತ್ ಈ ಕಟ್ಟಡದಲ್ಲೇ ಇರಲಿಲ್ಲ. ಕಸ ಗುಡಿಸುವವನಿಗೂ ಅದು ಗೊತ್ತು. ಗೊತ್ತಿದ್ದೂ ಗೊತ್ತಿದ್ದೂ, ಕಣ್ಣೊರೆಸಿಕೊಂಡು, ಆ ಹೊತ್ತಿನಲ್ಲಿ ಇಲ್ಲಿ ಯಾರಿದ್ದರೆಂದು ಇಪ್ಪತ್ಮೂರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಎದುರಿನ ಗೋಡೆಯ ಮೇಲೆ ಲಾ ಕ್ಲರ್ಕುಗಳ ಫೋಟೋಗಳು ವರ್ಷದ ಪ್ರಕಾರ ತೂಗುತ್ತಿದ್ದವು. 1998ರ ಚೌಕಟ್ಟಿನಲ್ಲಿ ದೊಡ್ಡ ಕನ್ನಡಕದ, ಹೆದರಿದ ಕಣ್ಣಿನ, ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದ ಹುಡುಗಿಯೊಬ್ಬಳಿದ್ದಳು. ಕೆಳಗೆ ಹೆಸರು: ಕೊರಿನ್ ಹಾಲ್ವರ್ಸನ್.

ಐಲಿ ಎರಡೂ ಕಾಗದಗಳನ್ನು ಮಡಚಿ ಲಕೋಟೆಗೆ ಸೇರಿಸಿ ಬಗಲಿಗೆ ಇರಿಸಿಕೊಂಡಳು. ಬಗಲಲ್ಲಿದ್ದ ಲಕೋಟೆಯಲ್ಲಿ ನಿಜವಾದ ಚೀಟಿ ಒಂದು, ಅದಕ್ಕೆ ಅಂಟಿಕೊಂಡ ಸುಳ್ಳು ಪ್ರಮಾಣ ಒಂದು. ಎರಡೂ ಸೇರಿದರೆ ಮಾತ್ರ ಲೈಲ್ ಮನೆಗೆ ಬರುತ್ತಾನೆ.

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಜಡ್ಜ್ ಹಾಲ್ವರ್ಸನ್ ಒಬ್ಬರೇ ನಿಂತಿದ್ದರು.

"ಬನ್ನಿ ಐಲಿ," ಎಂದರು. "ನೀವು ಮೆಟ್ಟಿಲು ಇಳಿಯೋದಿಲ್ಲ ಅಂತ ಗೊತ್ತಿತ್ತು."

ನಾಲ್ಕೂ ನಲವತ್ತೆಂಟು. ಬೇರೆ ದಾರಿ ಇರಲಿಲ್ಲ, ಅವಳು ಹತ್ತಿದಳು. ಎರಡನೆಯ ಮಹಡಿ ದಾಟುತ್ತಲೇ ಹಾಲ್ವರ್ಸನ್ ಕೆಂಪು ಗುಬುಟನ್ನು ಎಳೆದರು. ಲಿಫ್ಟು ಜಗ್ಗಿ ನಿಂತಿತು.

"ಬೆಳಿಗ್ಗೆ ಅವರು ನನಗೆ ಫೋನ್ ಮಾಡಿದ್ರು. ನೀವು ಬರ್ತೀರಿ, ತಾನೇ ಬರೆದೆ ಅಂತ ಪ್ರಮಾಣ ಮಾಡ್ತೀನಿ ಅಂದ್ರು. ಬೇಡ ಅಂದೆ, ಅತ್ತುಬಿಟ್ಟೆ. ಕೇಳ್ಲಿಲ್ಲ. ಆ ಚೀಟಿಯನ್ನ ಸುಟ್ಟಿದ್ದಾರೆ ಅಂದ್ಕೊಂಡಿದ್ದೆ ನಾನು."

"ಅದಕ್ಕೇನಾ ಇವತ್ತು ಆ ಕಥೆ ಹೇಳಿದ್ದು? ವರದಿಗಾರ್ತಿ ಮುಂದೆ, ಗಂಟೆ ನಿಮಿಷದ ಸಮೇತ?"

"ಈಗ ಅದು ದಾಖಲೆ." ಹಾಲ್ವರ್ಸನ್ ಅವಳ ಮುಖ ನೋಡಲಿಲ್ಲ. "ನೀವು ಆ ಅಫಿಡವಿಟ್ ಕೊಟ್ರೆ ಸರ್ಕಾರಿ ವಕೀಲ ಸೋಮವಾರವೇ ಆ ಪುಟ ತೆಗೆದು ತೋರಿಸ್ತಾನೆ. ಅರ್ಜಿ ಬೀಳುತ್ತೆ. ಎಂಬತ್ನಾಲ್ಕು ವರ್ಷದ ಜಡ್ಜು ಸುಳ್ಳು ಪ್ರಮಾಣಕ್ಕೆ ಸಿಕ್ಕಿಬೀಳ್ತಾರೆ. ಅವರನ್ನ ಉಳಿಸ್ಬೇಕಿತ್ತು ನಾನು."

"ಅವರನ್ನೋ, ನಿಮ್ಮನ್ನೋ? ಮೇಲಿನ ಕೋರ್ಟಿಗೆ ನಿಮ್ಮ ಹೆಸರು ಹೋಗಿದೆಯಂತಲ್ಲ."

ಹಾಲ್ವರ್ಸನ್ ಕೈಗಡಿಯಾರ ನೋಡಿಕೊಂಡರು.

"ಹಾಗಾದ್ರೆ ನಿಜ ನೀವು ಬರೆದುಕೊಡಿ," ಐಲಿ ಲಕೋಟೆಯ ಹಿಂಬದಿಯನ್ನು ಚಾಚಿದಳು. ಅವಳಿಗೆ ಅಂಗಲಾಚಲು ನಾಚಿಕೆಯಾಗಲಿಲ್ಲ. "ಒಂದೇ ಸಾಲು. ಮೂರೂ ನಲವತ್ತಕ್ಕೆ ನಾನು ಬರೆದೆ, ಅಷ್ಟೇ. ಅವನು ಸಾಯೋಕೆ ಮನೆಗೆ ಬರ್ತಾನೆ, ಮೇಡಂ. ಬದುಕೋಕಲ್ಲ."

ಹಾಲ್ವರ್ಸನ್ ಜೇಬಿನಿಂದ ತಮ್ಮ ಪೆನ್ನು ತೆಗೆದರು. ತುದಿ ಕಾಗದಕ್ಕೆ ತಾಗಿತು ಕೂಡ. ಹಸಿರು ಶಾಯಿಯ ಒಂದು ಚುಕ್ಕೆ ಹರಡಿತು.

"ಅವರಿಗೆ ಆಸ್ಪತ್ರೆಗೆ ಫೋನ್ ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ," ಎಂದರು ಮೆಲ್ಲಗೆ. "ಸರಿಯಾದ ಉತ್ತರವನ್ನೇ ಬರೀತಿದೀನಿ ಅಂದ್ಕೊಂಡೆ. ಈಗಲೂ ಪ್ರತಿ ಕೇಸಲ್ಲೂ ಜ್ಯೂರಿಗೆ ಅದೇ ವಾಕ್ಯ ಹೇಳ್ತೀನಿ. ಕೋರ್ಟಲ್ಲಿ ಕೇಳಿದ ಸಾಕ್ಷ್ಯ ಮಾತ್ರ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಕೆಂಪು ಗುಬುಟನ್ನು ಒಳಕ್ಕೆ ತಳ್ಳಿದರು.

"ಯಾರಾದ್ರೂ ಕೇಳಿದ್ರೆ, ನಾವು ಈ ಲಿಫ್ಟಲ್ಲಿ ಹಿಮದ ಮಾತಾಡಿದ್ವಿ. ಸೋಮವಾರದೊಳಗೆ ಬೀಳುತ್ತೆ ಅಂತ."

ಕೆಳಮಹಡಿಯ ಬಾಗಿಲು ತೆರೆಯಿತು. ಗೋಡೆಯ ಗಡಿಯಾರ ನಾಲ್ಕೂ ಐವತ್ತೇಳು ತೋರಿಸುತ್ತಿತ್ತು. ಕೌಂಟರಿನ ಗುಮಾಸ್ತ ಮೊಹರನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅವನ ಮುಂದೆ, ಅರ್ಜಿಗಳನ್ನು ಇಡುವ ಜಾಗದಲ್ಲಿ, ಎಣ್ಣೆ ಸವರಿದ ಒಂದು ಜೊತೆ ಬೂಟುಗಳಿದ್ದವು.

ಡೋರಿನ್ ತಿರುಗಿದಳು. ಲಕೋಟೆ ಕಂಡಿತು. ಐಲಿ ಅವಳನ್ನು ಬಲ್ಲ ಇಷ್ಟು ದಿನದಲ್ಲಿ ಆ ಮುಖದಲ್ಲಿ ಅಂಥ ನಗುವನ್ನು ಕಂಡಿರಲಿಲ್ಲ.

"ಬೂಟಿನ ಲೇಸು ಪೂರ್ತಿ ಸಡಿಲ ಮಾಡಿಟ್ಟಿದೀನಿ," ಎಂದಳು ಡೋರಿನ್. "ಕಾಲು ಊದ್ಕೊಂಡಿದೆಯಂತೆ ಅವನಿಗೆ. ಕೊಡೇ ಬೇಗ, ಏನು ನೋಡ್ತಾ ನಿಂತಿದೀಯ?"